ಸ್ಲೈಡ್ ನೋಡುವುದನ್ನು ಕಲಿಸುವ ತರಗತಿ: ತಿಲಕವಾಡಿಯ ಪಿಪಿಟಿ ತರಬೇತಿಯ ವಿಮರ್ಶೆ

ಬೆಳಗಾವಿಯಲ್ಲಿ ಕಂಪ್ಯೂಟರ್ ತರಗತಿಗಳಿಗೆ ಕೊರತೆಯಿಲ್ಲ. ಟ್ಯಾಲಿ, ಎಕ್ಸೆಲ್, ಡಿಟಿಪಿ ಎಂದು ಬರೆದ ಫಲಕಗಳ ಕೊನೆಯ ಸಾಲಿನಲ್ಲಿ ಸ್ಲೈಡ್ ತಯಾರಿಸುವ ಪವರ್‌ಪಾಯಿಂಟ್ (ಪಿಪಿಟಿ) ಕೂಡ ಇದ್ದೇ ಇರುತ್ತದೆ. ಆದರೆ ಅಂಥ ಕಡೆ ಕಲಿಸುವುದು ಬಹುಪಾಲು ಮೆನುಗಳ ಪರಿಚಯವನ್ನು ಮಾತ್ರ: ಸ್ಲೈಡ್ ಸೇರಿಸುವುದು ಹೇಗೆ, ಬಣ್ಣ ತುಂಬುವುದು ಹೇಗೆ, ಅಕ್ಷರ ಹಾರಿಬರುವಂತೆ ಮಾಡುವುದು ಹೇಗೆ. ಇಷ್ಟನ್ನು ಇಂದು ಯಾರು ಬೇಕಾದರೂ ಫೋನಿನಲ್ಲಿ ವಿಡಿಯೊ ನೋಡಿ ಕಲಿತುಕೊಳ್ಳಬಹುದು. ತಿಲಕವಾಡಿಯ ಎರಡನೇ ರೈಲ್ವೆ ಗೇಟಿನ ಸಮೀಪ ಶನಿವಾರ ಮತ್ತು ಭಾನುವಾರಗಳಲ್ಲಿ ನಡೆಯುವ ಈ ತರಬೇತಿಯನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಬೇರೆ. ಅದರ ಪ್ರಕಟಣೆಯಲ್ಲಿ ಸ್ಲೈಡ್ ತಯಾರಿಸುವುದರ ಜೊತೆಗೆ ಸ್ಲೈಡ್‌ಗಳ ಮೌಲ್ಯಮಾಪನ ಎಂಬ ಮಾತೂ ಇತ್ತು. ಪದವಿ ಕಾಲೇಜಿನ ಅಧ್ಯಾಪಕನಾಗಿ ಪ್ರತಿ ಸೆಮಿಸ್ಟರಿನಲ್ಲೂ ವಿದ್ಯಾರ್ಥಿಗಳ ಸೆಮಿನಾರುಗಳಿಗೆ ಅಂಕ ಕೊಡುವವನು ನಾನು. ಅಂಕಪಟ್ಟಿಯಲ್ಲಿ ‘ಮಂಡನೆ’ ಎಂಬ ಒಂದು ಕಾಲಂ ಇರುತ್ತದೆ. ಅದರಲ್ಲಿ ಏನನ್ನು ನೋಡಿ ಅಂಕ ಹಾಕಬೇಕೆಂದು ಯಾವ ಸುತ್ತೋಲೆಯೂ ನಮಗೆ ಬಿಡಿಸಿ ಹೇಳಿರಲಿಲ್ಲ.

ತರಗತಿಯಲ್ಲಿ ಬಗೆಬಗೆಯ ಜನರಿದ್ದರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನವೇ ಈ ಊರಾದ್ದರಿಂದ ಟೆಕ್ನಿಕಲ್ ಸೆಮಿನಾರಿಗೆ ಸಿದ್ಧರಾಗುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಹೆಚ್ಚು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗುಣಮಟ್ಟ ನೋಡಿಕೊಳ್ಳುವವರು, ಗೋಕಾಕ ಕಡೆಯ ಹಳ್ಳಿಗಳಲ್ಲಿ ರೈತರಿಗೆ ತರಬೇತಿ ಕೊಡುವ ಕೃಷಿ ಅಧಿಕಾರಿಯೊಬ್ಬರು, ನರ್ಸಿಂಗ್ ಕಾಲೇಜಿನ ಇಬ್ಬರು ಶಿಕ್ಷಕಿಯರು ಅವರ ಜೊತೆಗಿದ್ದರು. ಪಾಠ ಕನ್ನಡದಲ್ಲಿ ನಡೆಯುತ್ತದೆ. ಅರ್ಥವಾಗದವರಿಗೆ ತರಬೇತುದಾರರಾದ ಮೇಡಂ ನಡುನಡುವೆ ಮರಾಠಿಯಲ್ಲೂ ಹೇಳುತ್ತಾರೆ. ಪ್ರತಿಯೊಬ್ಬರೂ ತಾವು ನಿಜವಾಗಿ ಮಂಡಿಸಬೇಕಾಗಿರುವ ಒಂದು ಪಿಪಿಟಿಯನ್ನು ತರಬೇಕೆಂಬುದು ಅವರ ನಿಯಮ, ಮತ್ತು ಇಡೀ ತರಬೇತಿ ನಿಂತಿರುವುದು ಆ ನಿಯಮದ ಮೇಲೆ.

ಮೊದಲ ದಿನ ಅವರು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಪರದೆಯ ಮೇಲೆ ಒಂದೇ ಒಂದು ಹಳೆಯ ಇಂಗ್ಲಿಷ್ ಸ್ಲೈಡನ್ನು ತೋರಿಸಿ ಅದರ ಬಗ್ಗೆಯೇ ಬಹಳ ಹೊತ್ತು ಮಾತನಾಡಿದರು. 2003ರ ಜನವರಿ 16ರಂದು ಹಾರಿದ ಕೊಲಂಬಿಯಾ ಗಗನನೌಕೆಯ ಎಡ ರೆಕ್ಕೆಗೆ ಇಂಧನ ಟ್ಯಾಂಕಿನ ಮೇಲಿನ ಫೋಮಿನ ತುಂಡೊಂದು ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಆ ಪೆಟ್ಟು ಎಷ್ಟು ಅಪಾಯಕಾರಿ ಎಂದು ಅಂದಾಜು ಮಾಡಿದ ಎಂಜಿನಿಯರುಗಳು ನಾಸಾದ ಅಧಿಕಾರಿಗಳಿಗಾಗಿ ಮಾಡಿದ ಸ್ಲೈಡ್ ಅದು. ಅದರ ಶೀರ್ಷಿಕೆಯನ್ನು ಓದಿದವರಿಗೆ ಪರೀಕ್ಷೆಗಳ ಫಲಿತಾಂಶ ಧೈರ್ಯ ಕೊಡುವಂತಿದೆ ಎಂಬ ಭಾವನೆ ಬರುತ್ತದೆ. ಕೆಳಗೆ ಬುಲೆಟ್ಟು, ಅಂದರೆ ಚುಕ್ಕೆಯಿಟ್ಟು ಬರೆದ ಸಾಲು, ಬುಲೆಟ್ಟಿನೊಳಗೆ ಇನ್ನೊಂದು ಬುಲೆಟ್ಟು, ಅದರೊಳಗೆ ಮತ್ತೊಂದು. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರದಲ್ಲಿ, ನಿಜವಾಗಿ ದೊಡ್ಡದಾಗಿ ಬರೆಯಬೇಕಾಗಿದ್ದ ಮಾತಿದೆ: ಪರೀಕ್ಷೆಗೆ ಬಳಸಿದ ತುಂಡಿನ ಗಾತ್ರ 3 ಘನ ಇಂಚು, ನೌಕೆಗೆ ಬಡಿದ ತುಂಡಿನ ಅಂದಾಜು ಗಾತ್ರ 1920 ಘನ ಇಂಚು. ಅಂದರೆ 640 ಪಟ್ಟು ದೊಡ್ಡ ತುಂಡಿನ ವಿಷಯದಲ್ಲಿ ಆ ಪರೀಕ್ಷೆಗಳು ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. ಫೆಬ್ರುವರಿ 1ರಂದು ಮರಳಿ ಬರುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿದಂತೆ ಏಳೂ ಜನ ತೀರಿಕೊಂಡರು. ಅಪಘಾತದ ತನಿಖಾ ಮಂಡಳಿ ಅದೇ ವರ್ಷದ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಈ ಸ್ಲೈಡನ್ನು ಪ್ರತ್ಯೇಕವಾಗಿ ಚರ್ಚಿಸಿತು, ಮತ್ತು ತಾಂತ್ರಿಕ ವರದಿ ಬರೆಯಬೇಕಾದ ಜಾಗದಲ್ಲಿ ಸ್ಲೈಡ್‌ಗಳನ್ನು ಬಳಸುವ ನಾಸಾದ ರೂಢಿಯನ್ನು ಟೀಕಿಸಿತು. ಆ ಒಂದು ಸ್ಲೈಡಿನಿಂದಲೇ ಅಪಘಾತವಾಯಿತೆಂದು ಮೇಡಂ ಹೇಳಲಿಲ್ಲ. ಹಾಗೆ ಹೇಳದಿರುವ ಎಚ್ಚರವೂ ನನಗೆ ಮೆಚ್ಚುಗೆಯಾಯಿತು. ಶೀರ್ಷಿಕೆ ಒಂದು ದಿಕ್ಕಿಗೆ ಎಳೆಯುತ್ತಿದ್ದರೆ ಆಧಾರ ಇನ್ನೊಂದು ದಿಕ್ಕಿಗೆ ಎಳೆಯಬಹುದು ಎಂಬುದನ್ನು ಗುರುತಿಸಲು ಎಲ್ಲರಿಗೂ ಬಂದ ಮೇಲೆಯೇ ಅವರು ಮುಂದಿನ ಪಾಠಕ್ಕೆ ಹೋದರು.

ತರಬೇತಿಯ ಜೀವಾಳ ಎಂದು ನಾನು ಹೇಳುವುದು ಎರಡು ಚೀಟಿಗಳ ಪದ್ಧತಿಯನ್ನು. ಮಂಡಿಸುವವರು ತಮ್ಮ ಸ್ಲೈಡಿನ ಮೂಲಕ ಏನು ಹೇಳಬೇಕೆಂದಿದ್ದಾರೆ ಎಂಬುದನ್ನು ಒಂದೇ ವಾಕ್ಯದಲ್ಲಿ ಚೀಟಿಯ ಮೇಲೆ ಬರೆದು ಮಡಚಿ ಮೇಜಿನ ಮೇಲಿಡಬೇಕು. ನಂತರ ಸ್ಲೈಡ್ ತೋರಿಸಿ ಮಾತನಾಡಬೇಕು. ಮಾತು ಮುಗಿದು ಪರದೆ ಕಪ್ಪಾದ ಮೇಲೆ ಕುಳಿತವರೆಲ್ಲ ತಮಗೆ ತಿಳಿದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಎರಡು ಬಗೆಯ ಚೀಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದೇ ಮೌಲ್ಯಮಾಪನ. ‘ಚಲೋ ಐತಿ’, ‘ಮಸ್ತ್ ಆಗೈತಿ’ ಎಂಬ ಅಭಿಪ್ರಾಯಗಳಿಗೆ ಇಲ್ಲಿ ಜಾಗವಿಲ್ಲ. ಚೀಟಿಗಳು ಏಕೆ ಹೊಂದಲಿಲ್ಲ ಎಂಬುದನ್ನು ಸ್ಲೈಡಿನ ಇಂಥ ಜಾಗದಲ್ಲಿ ಎಂದು ಬೆರಳಿಟ್ಟು ತೋರಿಸಬೇಕು.

ಕೃಷಿ ಅಧಿಕಾರಿಯ ಸರದಿ ಬಂದಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರ ಸ್ಲೈಡಿನ ಶೀರ್ಷಿಕೆ ‘ಸವಳು-ಜವಳು ಸಮಸ್ಯೆ ಮತ್ತು ಪರಿಹಾರಗಳು’ ಎಂದಿತ್ತು; ಹೊಲದಲ್ಲಿ ಉಪ್ಪು ಸೇರುವುದು ಸವಳು, ನೀರು ನಿಲ್ಲುವುದು ಜವಳು. ಘಟಪ್ರಭಾ ಕಾಲುವೆಯ ನೀರು ಹರಿಯುವ ಕಬ್ಬಿನ ಪ್ರದೇಶಕ್ಕೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿಲ್ಲ. ಮಣ್ಣಿನ ರಸಸಾರ, ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎನ್ನುವ ವ್ಯಾಖ್ಯೆ, ಜಿಪ್ಸಂ, ಹಸಿರೆಲೆ ಗೊಬ್ಬರ, ಬಸಿಗಾಲುವೆ, ತಡೆದುಕೊಳ್ಳುವ ಬೆಳೆಗಳು ಎಲ್ಲವೂ ಒಂದೇ ಪರದೆಯಲ್ಲಿದ್ದವು, ಮತ್ತು ಎಲ್ಲವೂ ಸರಿಯಾಗಿಯೇ ಇದ್ದವು. ಚೀಟಿಗಳನ್ನು ಬಿಚ್ಚಿದಾಗ ಒಬ್ಬರು ಜಿಪ್ಸಂ ಹಾಕಬೇಕು ಎಂದೂ ಇನ್ನೊಬ್ಬರು ಮಣ್ಣು ಪರೀಕ್ಷೆ ಮಾಡಿಸಬೇಕು ಎಂದೂ ಮತ್ತೊಬ್ಬರು ಕಬ್ಬು ಬಿಟ್ಟು ಬೇರೆ ಬೆಳೆ ಬೆಳೆಯಬೇಕು ಎಂದೂ ಬರೆದಿದ್ದರು.

‘ಸರ್ರ, ಪರದೆ ಮ್ಯಾಲ ಇದ್ದದ್ದು ಬಿಡ್ರಿ. ರೈತ ನಾಳೆ ಹೊಲಕ್ಕ ಹೋಗಿ ಮೊದಲ ಏನು ಮಾಡಬೇಕು, ಅದೊಂದು ಹೇಳ್ರಿ’ ಎಂದು ಮೇಡಂ ಕೇಳಿದರು.

‘ಮೊದಲ ನೀರು ಬಸದ ಹೋಗೂ ಹಂಗ ಮಾಡಬೇಕ್ರಿ ಮೇಡಂ. ಜಿಪ್ಸಂ ಆಮ್ಯಾಲಿನ ಮಾತು.’

‘ಹಂಗಾರ ಅದನ್ನ ಬರೀರಿ.’

ಮರುದಿನ ಅವರು ತಂದ ಸ್ಲೈಡಿನ ಮೇಲ್ಭಾಗದಲ್ಲಿ ‘ನೀರು ಹೆಚ್ಚಾದಷ್ಟೂ ಉಪ್ಪು ಮೇಲೇರುತ್ತದೆ’ ಎಂಬ ಪೂರ್ಣ ವಾಕ್ಯವಿತ್ತು. ಅದರ ಕೆಳಗೆ ನೆಲವನ್ನು ಸೀಳಿ ತೋರಿಸಿದಂತೆ ಒಂದು ಚಿತ್ರ: ಎಡಗಡೆ ಅಂತರ್ಜಲ ಆಳದಲ್ಲಿರುವ ಹೊಲ, ಬಲಗಡೆ ಅಂತರ್ಜಲ ಬೇರನ್ನು ಮುಟ್ಟುವಷ್ಟು ಮೇಲೆ ಬಂದು ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿರುವ ಹೊಲ. ಮುಂದಿನ ಸ್ಲೈಡಿನಲ್ಲಿ ಬಸಿಗಾಲುವೆಯ ಒಂದೇ ಫೋಟೊ, ಅದರ ಮೇಲೆ ‘ಬಸಿಗಾಲುವೆಯಿಲ್ಲದೆ ಹಾಕಿದ ಜಿಪ್ಸಂ ಫಲ ಕೊಡುವುದಿಲ್ಲ’ ಎಂಬ ವಾಕ್ಯ. ಅಂಕಿಗಳೆಲ್ಲ ರೈತರ ಕೈಗೆ ಕೊಡುವ ಮುದ್ರಿತ ಹಾಳೆಗೆ ಹೋಗಿದ್ದವು. ಶೀರ್ಷಿಕೆಯ ಜಾಗದಲ್ಲಿ ಪೂರ್ಣ ವಾಕ್ಯ, ಅದರ ಕೆಳಗೆ ಅದನ್ನು ಸಾಧಿಸುವ ಚಿತ್ರ ಅಥವಾ ಅಂಕಿ ಎಂಬ ಈ ಕ್ರಮವನ್ನು ಅಮೆರಿಕದ ಎಂಜಿನಿಯರಿಂಗ್ ಅಧ್ಯಾಪಕ ಮೈಕೆಲ್ ಆಲಿ ಅವರು ಬಹುಕಾಲದಿಂದ ಪ್ರಚಾರ ಮಾಡಿದ್ದಾರೆ. ನಮ್ಮ ವಿದ್ಯಾರ್ಥಿಗಳ ‘ಪೀಠಿಕೆ’, ‘ವಿಧಾನ’, ‘ಅನುಕೂಲಗಳು’ ಎಂಬ ಒಂಟಿ ಪದದ ಶೀರ್ಷಿಕೆಗಳಿಗೆ ಇದಕ್ಕಿಂತ ಉತ್ತಮ ಮದ್ದು ನನಗೆ ಕಂಡಿಲ್ಲ. ವಾಕ್ಯ ಬರೆಯಲು ಕುಳಿತ ವಿದ್ಯಾರ್ಥಿಗೆ ತಾನು ಹೇಳಬೇಕಾದದ್ದು ಏನೆಂದು ಮೊದಲು ತೀರ್ಮಾನಿಸಲೇಬೇಕಾಗುತ್ತದೆ.

ಪರದೆಯ ಮೇಲಿರುವುದನ್ನೇ ಗಟ್ಟಿಯಾಗಿ ಓದುವ ಅಭ್ಯಾಸದ ಬಗ್ಗೆ ಹೇಳಿದ ಭಾಗವೂ ಗಟ್ಟಿಯಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಚಿತ್ರದೊಂದಿಗೆ ಮಾತನ್ನು ಕೇಳಿದವರು, ಅದೇ ಚಿತ್ರ ಮತ್ತು ಮಾತಿನ ಜೊತೆಗೆ ಅವೇ ಪದಗಳನ್ನು ಪರದೆಯ ಮೇಲೂ ಓದಬೇಕಾಗಿ ಬಂದವರಿಗಿಂತ ಚೆನ್ನಾಗಿ ಕಲಿತರು. ಕಣ್ಣು ಅಕ್ಷರ ಮತ್ತು ಚಿತ್ರಗಳ ನಡುವೆ ಓಡಾಡುವುದು ಇದಕ್ಕೆ ಒಂದು ಕಾರಣ. ಮೇಡಂ ಇದನ್ನು ಹೇಳಿ ಬಿಡದೆ, ನರ್ಸಿಂಗ್ ಶಿಕ್ಷಕಿಯೊಬ್ಬರಿಂದ ಒಂದೇ ಪಾಠವನ್ನು ಎರಡು ರೀತಿಯಲ್ಲಿ ಮಾಡಿಸಿ ತೋರಿಸಿದರು. ಅಕ್ಷರಗಳಿಲ್ಲದ ಹೃದಯದ ಚಿತ್ರದ ಮುಂದೆ ನಿಂತಾಗ ಆ ಶಿಕ್ಷಕಿಯ ಧ್ವನಿಯೇ ಬದಲಾಯಿತು. ಅವರು ಪರದೆಯನ್ನು ಬಿಟ್ಟು ನಮ್ಮನ್ನು ನೋಡಿ ಮಾತನಾಡತೊಡಗಿದರು.

ಅಕ್ಷರದ ಗಾತ್ರದ ವಿಷಯದಲ್ಲಿ ಬರಿಯ ಉಪದೇಶದ ಬದಲು ಲೆಕ್ಕ ಕಲಿಸುತ್ತಾರೆ. ಈಗಿನ ಪವರ್‌ಪಾಯಿಂಟಿನ ಅಗಲ ಸ್ಲೈಡಿನ ಎತ್ತರ 7.5 ಇಂಚು, ಅಂದರೆ ಅಕ್ಷರದ ಅಳತೆಯಲ್ಲಿ, ಇಂಚಿಗೆ 72ರಂತೆ, 540 ಪಾಯಿಂಟು. 18 ಪಾಯಿಂಟಿನ ಅಕ್ಷರ ಆ ಎತ್ತರದ ಮೂವತ್ತರಲ್ಲಿ ಒಂದು ಪಾಲು. ಐದು ಅಡಿ ಎತ್ತರದ ಪರದೆಯಲ್ಲಿ ಅದಕ್ಕೆ ಸಿಗುವುದು ಎರಡು ಇಂಚು, ಅದರಲ್ಲೂ ಕಾಣುವ ಅಕ್ಷರ ಇನ್ನೂ ಚಿಕ್ಕದು. ಕೊನೆಯ ಬೆಂಚು ಪರದೆಯ ಎತ್ತರದ ಎಂಟು ಪಟ್ಟು ದೂರದಲ್ಲಿದ್ದರೆ, ಮನೆಯಲ್ಲಿ 15.6 ಇಂಚಿನ ಲ್ಯಾಪ್‌ಟಾಪಿನಿಂದ ಸುಮಾರು ಐದು ಅಡಿ ದೂರ ನಿಂತು ಓದಿದರೆ ಅದೇ ಅನುಭವ ಸಿಗುತ್ತದೆ, ಏಕೆಂದರೆ ಆ ಲ್ಯಾಪ್‌ಟಾಪಿನ ಪರದೆಯ ಎತ್ತರ ಹತ್ತೊಂಬತ್ತು ಸೆಂಟಿಮೀಟರಿನಷ್ಟು. ಸಭಾಂಗಣಕ್ಕೆ ಹೋಗದೆಯೇ ಮಾಡಬಹುದಾದ ಈ ಪರೀಕ್ಷೆಯನ್ನು ನಾನೀಗ ನಮ್ಮ ವಿದ್ಯಾರ್ಥಿಗಳಿಗೆಲ್ಲ ಕಡ್ಡಾಯ ಮಾಡಿದ್ದೇನೆ. ಬಣ್ಣಗಳಿಗೂ ಅಳತೆಯಿದೆ: ವೆಬ್ ಪುಟಗಳಿಗೆ ರೂಪಿಸಿದ ಮಾನದಂಡದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5 ಇರಬೇಕು. ಕಿಟಕಿಯ ಪರದೆಗಳಿಲ್ಲದ ನಮ್ಮ ಕಾಲೇಜು ಕೋಣೆಗಳಲ್ಲಿ ಮಧ್ಯಾಹ್ನದ ಬೆಳಕಿಗೆ ಅದೂ ಸಾಲದು ಎಂಬುದು ನನ್ನ ಅನಿಸಿಕೆ. ಬಿಳಿಯ ಮೇಲೆ ಕಪ್ಪು ಅಥವಾ ಕಡುನೀಲಿಯೇ ಅಲ್ಲಿ ಕ್ಷೇಮ.

ಚಾರ್ಟುಗಳ ಪಾಠದಲ್ಲಿ ಫೌಂಡ್ರಿಯವರ ಸ್ಲೈಡ್ ಎಲ್ಲರಿಗೂ ಉಪಯೋಗಕ್ಕೆ ಬಂತು. ಎರಕದ ಮಾಲು ಏಕೆ ರಿಜೆಕ್ಟ್ ಆಗುತ್ತಿದೆ ಎಂದು ಅವರು ಮೂರು ಆಯಾಮದ ಪೈ ಚಾರ್ಟಿನಲ್ಲಿ ತೋರಿಸಿದ್ದರು. ಮುಂದಕ್ಕೆ ಬಾಗಿದ ತುಂಡು ದೊಡ್ಡದಾಗಿ ಕಾಣುತ್ತಿತ್ತು, ಹಿಂದಿನದು ಚಿಕ್ಕದಾಗಿ. 1984ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಪ್ರಕಟಿಸಿದ ಪ್ರಯೋಗಗಳು ತೋರಿಸಿದಂತೆ ಮನುಷ್ಯನ ಕಣ್ಣು ಕೋನಗಳಿಗಿಂತ ಒಂದೇ ಅಳತೆಗೋಲಿನ ಮೇಲಿನ ಸ್ಥಾನಗಳನ್ನು ಹೆಚ್ಚು ನಿಖರವಾಗಿ ಹೋಲಿಸುತ್ತದೆ. ಅದೇ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದರವರೆಗೆ ಜೋಡಿಸಿದ ಅಡ್ಡ ಪಟ್ಟಿಗಳಾಗಿ ಮಾಡಿ, ಗಾಳಿಗುಳ್ಳೆಯ ದೋಷದ ಪಟ್ಟಿಗೆ ಮಾತ್ರ ಬಣ್ಣ ಕೊಟ್ಟು ಉಳಿದವನ್ನು ಬೂದು ಬಣ್ಣದಲ್ಲೇ ಬಿಟ್ಟಾಗ, ನಾವು ಯಾರೂ ಫೌಂಡ್ರಿಯ ಒಳಗೆ ಕಾಲಿಟ್ಟವರಲ್ಲದಿದ್ದರೂ ಎಲ್ಲಿಂದ ರಿಪೇರಿ ಶುರುವಾಗಬೇಕೆಂದು ಹೇಳಬಲ್ಲವರಾದೆವು. ಪಟ್ಟಿಗಳು ಸೊನ್ನೆಯಿಂದಲೇ ಆರಂಭವಾಗಬೇಕೆಂಬುದನ್ನೂ ಇಲ್ಲಿಯೇ ಒತ್ತಿ ಹೇಳಿದರು.

ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟ್ ಎಂಬ ಗೈ ಕವಾಸಾಕಿಯ ಸೂತ್ರಕ್ಕೂ, 2003ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಪೆಚಾ ಕುಚಾ ಪದ್ಧತಿಗೂ ಸ್ವಲ್ಪ ಸಮಯ ಕೊಟ್ಟರು. ಮೊದಲನೆಯದು ಬಂಡವಾಳ ಹೂಡುವವರ ಮುಂದೆ ಮಾತನಾಡುವವರಿಗೆ ಹೇಳಿದ್ದು. ಅದನ್ನು ಟೆಕ್ನಿಕಲ್ ಸೆಮಿನಾರಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಇಪ್ಪತ್ತು ಸ್ಲೈಡ್‌ಗಳನ್ನು ತಲಾ ಇಪ್ಪತ್ತು ಸೆಕೆಂಡಿನಂತೆ ತೋರಿಸುವ ಎರಡನೆಯದು ಅಭ್ಯಾಸಕ್ಕೆ ಒಳ್ಳೆಯದು. ಅನಿಮೇಷನ್ ಬಗ್ಗೆ ಹೆಚ್ಚು ಹೇಳಲಿಲ್ಲ, ಅಷ್ಟೇ ಸಾಕಿತ್ತು. ಮಂಡಿಸುವಾಗ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರವಾಗಿ ಅಲ್ಲಿಗೆ ಹೋಗಬಹುದು ಎಂಬಂಥ ಸಣ್ಣ ಸಂಗತಿಗಳು, ಪರೀಕ್ಷಕರು ಏಳನೇ ಸ್ಲೈಡ್ ಮತ್ತೆ ತೋರಿಸಿ ಎಂದಾಗ ತಡವರಿಸುವ ವಿದ್ಯಾರ್ಥಿಗಳಿಗೆ ನಿಜಕ್ಕೂ ಬೇಕಾದವು.

ಕೇಂದ್ರದವರು ಕೊಡುವ ಮೌಲ್ಯಮಾಪನದ ಹಾಳೆಯಲ್ಲಿ ಅಲಂಕಾರಕ್ಕೆ ಅಂಕವೇ ಇಲ್ಲ. ಮಾತು ಒಂದೇ ಆಗಿದೆಯೇ, ಅದಕ್ಕೆ ಆಧಾರ ಪರದೆಯಲ್ಲಿದೆಯೇ, ಹಿಂದೆ ಕುಳಿತವರಿಗೆ ಕಾಣುತ್ತದೆಯೇ, ಈ ಚಿತ್ರವನ್ನು ತೆಗೆದುಹಾಕಿದರೆ ಏನು ಕಳೆದುಹೋಗುತ್ತದೆ ಎಂಬ ಪ್ರಶ್ನೆಗಳಿವೆ. ಕೊನೆಯ ಪ್ರಶ್ನೆಯನ್ನು ನಾನು ನಮ್ಮ ವಿಭಾಗದಲ್ಲಿ ಬಳಸತೊಡಗಿದ್ದೇನೆ. ಅಂತರ್ಜಾಲದಿಂದ ಇಳಿಸಿಕೊಂಡ ಕೈಕುಲುಕುವ ಚಿತ್ರಗಳೂ ಬೆಳಗುವ ಬಲ್ಬುಗಳೂ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಹಾಳೆಯಲ್ಲಿ ಎರಡು ಮುಖ್ಯ ಕೊರತೆಗಳಿವೆ. ಅಂಕಿ ಮತ್ತು ಚಿತ್ರಗಳ ಮೂಲವನ್ನು ಸ್ಲೈಡಿನ ಬುಡದಲ್ಲಿ ನಮೂದಿಸಿದ್ದಾರೆಯೇ ಎಂದು ಎಲ್ಲೂ ಕೇಳಿಲ್ಲ. ಕೇಳುಗರ ಪ್ರಶ್ನೆಗಳಿಗೆ ಉತ್ತರಿಸಿದ ಬಗೆಗೂ ಜಾಗವಿಲ್ಲ. ಕಾಲೇಜಿನ ಮಟ್ಟದಲ್ಲಿ ಇವೆರಡನ್ನು ಬಿಟ್ಟು ಕೊಡುವ ಅಂಕ ನ್ಯಾಯವಾಗಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಕನ್ನಡದ ವಿಷಯದಲ್ಲಿದೆ. ಪಾಠ ಕನ್ನಡದಲ್ಲಿದ್ದರೂ ಕೈಗೆ ಕೊಡುವ ಟಿಪ್ಪಣಿ ಪೂರ್ತಿ ಇಂಗ್ಲಿಷಿನಲ್ಲಿದೆ, ಮತ್ತು ಕನ್ನಡ ಸ್ಲೈಡ್ ಮಾಡುವ ಬಗೆಯನ್ನು ಕೊನೆಯ ದಿನ ಸಂಜೆ ಅವಸರದಲ್ಲಿ ಮುಗಿಸಿದರು. ರೈತರ, ರೋಗಿಗಳ, ಸರ್ಕಾರಿ ಶಾಲೆಯ ಮಕ್ಕಳ ಮುಂದೆ ಮಾತನಾಡುವವರಿಗೆ ಇದೇ ಮುಖ್ಯ ಪಾಠವಾಗಬೇಕಿತ್ತು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡಿನಲ್ಲೇ ಬರೆಯಬೇಕು, ಫೈಲನ್ನು ಉಳಿಸುವ ಆಯ್ಕೆಗಳಲ್ಲಿ ಫಾಂಟನ್ನು ಫೈಲಿನೊಳಗೆ ಸೇರಿಸುವ ಗುರುತು ಹಾಕಿಕೊಳ್ಳಬೇಕು, ಜೊತೆಗೊಂದು ಪಿಡಿಎಫ್ ಇಟ್ಟುಕೊಳ್ಳಬೇಕು. ಇಷ್ಟನ್ನು ಹೇಳಿದರು. ಹೇಳದೆ ಬಿಟ್ಟದ್ದೂ ಇದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’ದಂಥ ಪದಗಳಿರುವಾಗ ಸಾಲುಗಳ ಅಂತರವನ್ನು ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲದ ಕಾರಣ ಒತ್ತು ಕೊಡಲು ದಪ್ಪ ಅಕ್ಷರ ಅಥವಾ ಬಣ್ಣವನ್ನೇ ನೆಚ್ಚಬೇಕು. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. ವಿಭಕ್ತಿ ಸೇರಿ ಉದ್ದವಾದ ಪದಗಳು ಶೀರ್ಷಿಕೆಯನ್ನು ಎರಡು ಸಾಲಿಗೆ ತಳ್ಳಿದಾಗ ಪವರ್‌ಪಾಯಿಂಟ್ ತಾನಾಗಿಯೇ ಅಕ್ಷರವನ್ನು ಕುಗ್ಗಿಸಿಬಿಡುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ವಾಕ್ಯವನ್ನೇ ಕಿರಿದು ಮಾಡುವುದು ಉತ್ತಮ. ಈ ಮಾತುಗಳನ್ನು ಚರ್ಚೆಯ ವೇಳೆ ನಾನು ಎತ್ತಿದಾಗ ಮೇಡಂ ಬರೆದುಕೊಂಡರು, ಮುಂದಿನ ಬ್ಯಾಚಿಗೆ ಕನ್ನಡ ಟಿಪ್ಪಣಿ ಮಾಡುವುದಾಗಿಯೂ ಹೇಳಿದರು. ಅದು ಆದಷ್ಟು ಬೇಗ ಆಗಲಿ ಎಂಬುದು ನನ್ನ ಹೃತ್ಪೂರ್ವಕ ಬೇಡಿಕೆ.

ಉಳಿದ ವ್ಯವಸ್ಥೆ ಸಾಧಾರಣವಾಗಿದೆ. ಕೋಣೆ ಸ್ವಚ್ಛವಾಗಿದೆ, ಕರೆಂಟು ಹೋದರೆ ಇನ್ವರ್ಟರ್ ಇದೆ, ಆದರೆ ಪ್ರೊಜೆಕ್ಟರಿನ ದೀಪ ಮಂದವಾಗಿರುವುದರಿಂದ ಬಣ್ಣಗಳ ಪಾಠಕ್ಕೆ ತೊಂದರೆಯಾಯಿತು. ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ನೌಕರಿಯಲ್ಲಿರುವವರಿಗೆ ಅದು ಹೆಚ್ಚೆನಿಸಬಹುದಾದರೂ ಪ್ರತಿಯೊಬ್ಬರ ಸ್ಲೈಡಿಗೂ ಕೊಡುವ ಗಮನವನ್ನು ನೋಡಿದರೆ ನಾನು ತಕರಾರು ಮಾಡುವುದಿಲ್ಲ. ಗೇಟು ಬಿದ್ದಾಗ ವಾಹನಗಳ ಸಾಲು ಉದ್ದವಾಗುವುದರಿಂದ ಶಹಾಪುರ, ವಡಗಾವಿ ಕಡೆಯಿಂದ ಬರುವವರು ಸ್ವಲ್ಪ ಬೇಗ ಹೊರಡುವುದು ಒಳ್ಳೆಯದು.

ಸೇರಬಯಸುವವರು ಎರಡು ವಿಷಯ ಗಮನಿಸಬೇಕು. ಮೌಸ್ ಹಿಡಿಯುವುದರಿಂದ ಕಲಿಯಬೇಕಾದವರಿಗೆ ಇದು ಸೂಕ್ತವಲ್ಲ. ಸ್ಲೈಡಿನಲ್ಲಿ ಪಠ್ಯ ಮತ್ತು ಚಿತ್ರ ಸೇರಿಸುವಷ್ಟು ತಿಳಿದಿರಲೇಬೇಕು. ಪವರ್‌ಪಾಯಿಂಟ್ ಇಲ್ಲದವರು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಇಂಪ್ರೆಸ್ ಹಾಕಿಕೊಂಡು ಬಂದರೂ ನಡೆಯುತ್ತದೆ, ನಮ್ಮ ಬ್ಯಾಚಿನಲ್ಲಿ ಕೆಲವರು ಹಾಗೆಯೇ ಮಾಡಿದರು. ಇನ್ನೊಂದು, ತೋರಿಕೆಗೆ ಮಾಡಿದ ಮಾದರಿ ಪಿಪಿಟಿ ತರಬೇಡಿ. ಹಾಗೆ ತಂದಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಮೊದಲ ಚೀಟಿಯಲ್ಲಿ ಬರೆಯಲು ವಾಕ್ಯವೇ ಸಿಗಲಿಲ್ಲ, ಮೇಡಂ ಅವರನ್ನು ತಮ್ಮ ಸೆಮಿನಾರಿನ ವಿಷಯ ಆರಿಸಿಕೊಂಡು ಮುಂದಿನ ಶನಿವಾರ ಬರುವಂತೆ ಹೇಳಿ ಕಳುಹಿಸಿದರು, ಅದಕ್ಕಾಗಿ ಬೇರೆ ಶುಲ್ಕ ಕೇಳಲಿಲ್ಲ.